ಪದ ಬೇಕು: 'ಡಿಸೆಂಟ್ರಲೈಸ್ಡ್ ಫೈನಾನ್ಸ್', ಸ್ವಲ್ಪ ತುರ್ತು

ಎಲ್ಲರಿಗೂ ನಮಸ್ಕಾರ. ಬ್ಯಾಂಕ್ ಸಿಬ್ಬಂದಿಯ ತರಬೇತಿಗೆ ಒಂದು ಕೈಪಿಡಿ ಅನುವಾದ ಮಾಡುತ್ತಿದ್ದೇನೆ. ಡಿಫೈ (ಡಿಸೆಂಟ್ರಲೈಸ್ಡ್ ಫೈನಾನ್ಸ್‌ನ ಚಿಕ್ಕ ರೂಪ, ಬ್ಯಾಂಕಿನ ಬದಲು ಕಂಪ್ಯೂಟರ್ ಕೋಡೇ ನಡೆಸುವ ಹಣಕಾಸು) ಬೆಳೆದರೆ ಬ್ಯಾಂಕಿನವರು ಏನೇನು ಕಲಿಯಬೇಕು ಅನ್ನೋದು ವಿಷಯ. ಸಂಜೆಯೊಳಗೆ ತಲೆಬರಹ ಕೊಡಬೇಕು. 'ವಿಕೇಂದ್ರೀಕೃತ ಹಣಕಾಸು' ಅಂತ ಹಾಕಿದ್ದೆ, ಯಾಕೋ ಒಗ್ಗುತ್ತಿಲ್ಲ. ವಿಕೇಂದ್ರೀಕರಣ ಅಂದರೆ ಮೇಲಿರುವವರು ಅಧಿಕಾರವನ್ನು ಕೆಳಕ್ಕೆ ಹಂಚುವುದು. ಇಲ್ಲಿ ಹಂಚುವವರೇ ಇಲ್ಲ. ಅಡಮಾನ ಹಿಡಿದು ಸಾಲ ಕೊಡೋದು ಕೋಡ್, ಅಡಮಾನದ ಬೆಲೆ ಕುಸಿದರೆ ಅದನ್ನು ಮಾರಿಸೋದೂ ಕೋಡ್. ಜೊತೆಗೆ, 'ಸ್ಕಿಲ್'ಗೆ ಕೌಶಲವೋ ಕೌಶಲ್ಯವೋ?

ಉತ್ತರ 1
ಕೌಶಲ. ಕುಶಲದಿಂದ ಕೌಶಲ ಆದಮೇಲೆ ಮತ್ತೆ ಯ-ಒತ್ತು ಯಾಕೆ? ಕೈ ಕುಯ್ದುಕೊಳ್ಳದೆ ದರ್ಭೆ ತರುವವನೇ ಕುಶಲ ಅಂತ ಹಳಬರ ವ್ಯಾಖ್ಯಾನ. ಖಾಸಗಿ ಕೀಲಿ, ಅಂದರೆ ಹಣದ ಮೇಲೆ ಹಿಡಿತ ಕೊಡುವ ಗುಟ್ಟಿನ ಸಂಕೇತ, ಕಳೆದರೆ ಹಣವೇ ಹೋಗುವ ವ್ಯವಹಾರಕ್ಕೆ ಇದಕ್ಕಿಂತ ಒಳ್ಳೆ ಪದ ಬೇಕೇ? ವಿಕೇಂದ್ರೀಕೃತ ಹಾಗೇ ಇರಲಿ.

ಉತ್ತರ 2
ದರ್ಭೆ ಬಿಡಿ ಸಾರ್. ನಾಲಿಗೆ ಹೊರಳದ ಪದ ಯಾರಿಗೆ ಬೇಕು? 'ನಡುವಿಲ್ಲದ ಹಣಕಾಸು' ಅನ್ನಿ. ಸ್ಕಿಲ್‌ಗೆ 'ಚಳಕ'.

ಉತ್ತರ 3
ನಡು ಅಂದರೆ ಸೊಂಟವೂ ಹೌದು. 'ಬ್ಯಾಂಕಿನವರಿಗೆ ಬೇಕಾದ ಚಳಕಗಳು' ಅಂದರೆ ಜೇಬುಗಳ್ಳರ ತರಬೇತಿ ಅಂದುಕೊಳ್ಳುತ್ತಾರೆ. 'ಕೌಶಲ್ಯ'ವೂ ಸಂಸ್ಕೃತ ನಿಘಂಟಿನಲ್ಲೇ ಇದೆ, ಸುಮ್ನೆ ಹೆದರಿಸಬೇಡಿ. ಇನ್ನು 'ಕೇಂದ್ರ'ವನ್ನು ಸಂಸ್ಕೃತವೇ ಗ್ರೀಕಿನ 'ಕೆಂಟ್ರಾನ್'ನಿಂದ ತಂದದ್ದು. ಬಡ್ಡಿ ಕೇಳಿಕೊಂಡು ಗ್ರೀಕರು ಬಂದಿಲ್ಲ. ಕರಾರು ಅರಬ್ಬಿಯದು, ಬ್ಯಾಂಕ್ ಇಟಲಿಯದು. ಎಷ್ಟನ್ನು ಅಂತ ಹಿಂದಿರುಗಿಸ್ತೀರಿ?

ಉತ್ತರ 2
ಹಿಂದಿರುಗಿಸಿ ಅಂದವರು ಯಾರು? ಹೊಸದಾಗಿ ತರುವಾಗ ಯೋಚಿಸಿ ಅಂದೆ. ಕೋಡ್ ರೂಪದಲ್ಲಿ ಬರೆದ, ತನ್ನಷ್ಟಕ್ಕೆ ಜಾರಿಯಾಗುವ ಕರಾರು 'ಸ್ಮಾರ್ಟ್ ಕಾಂಟ್ರಾಕ್ಟ್', ಅದಕ್ಕೆ 'ಜಾಣ ಕರಾರು' ಅಂತ ಬರೆಯೋದು ನೋಡಿದ್ದೇನೆ. 2016ರಲ್ಲಿ 'ದಿ ಡಿಎಒ' ಎಂಬ ನಿಧಿಯ ಕೋಡ್‌ನಲ್ಲಿ ಒಂದು ದೋಷವಿತ್ತು. ಅದೇ ಸಂದಿಯಲ್ಲಿ 36 ಲಕ್ಷ ಈಥರ್ (ಒಂದು ಕ್ರಿಪ್ಟೋ ನಾಣ್ಯ) ಹೊರಗೆ ಹೋಯಿತು. ಕರಾರು ಬರೆದದ್ದನ್ನಷ್ಟೇ ಮಾಡಿತು. ಅದಕ್ಕೆ ಜಾಣ ಅಂತ ಯಾವ ಬಾಯಲ್ಲಿ ಹೇಳೋದು? 'ತಾನೇ ನಡೆಯುವ ಕರಾರು' ಸಾಕು.

ಕೇಳಿದವರಿಂದ
'ತಾನೇ ನಡೆಯುವ ಕರಾರು' ತೆಗೆದುಕೊಂಡೆ, ಥ್ಯಾಂಕ್ಸ್. ತಲೆಬರಹಕ್ಕೆ 'ಡಿಫೈ' ಅಂತಲೇ ಇಟ್ಟು, ಕೆಳಗೆ 'ಮಧ್ಯವರ್ತಿ ಇಲ್ಲದ ಹಣಕಾಸು' ಅಂತ ಬರೆದೆ. ಓದುವವರೇ ಆ ಮಧ್ಯವರ್ತಿ ಅಲ್ವಾ, ತಟ್ಟನೆ ನಾಟಲಿ. ಕೌಶಲ ಉಳಿಯಿತು. ಕೋಡ್ ಓದುವುದು, ಕೀಲಿ ಕಾಯುವುದು, ಬ್ಲಾಕ್‌ಚೈನ್‌ನಲ್ಲಿ (ಈ ವಹಿವಾಟುಗಳು ದಾಖಲಾಗುವ, ಹಲವು ಕಂಪ್ಯೂಟರುಗಳಲ್ಲಿರುವ ಲೆಕ್ಕದ ಪುಸ್ತಕ) ಹಣದ ಜಾಡು ಹಿಡಿಯುವುದು: ಇವಕ್ಕೆ ಪದದ ಕಷ್ಟ ಬರಲಿಲ್ಲ. 'ಒರಾಕಲ್' ಒಂದು ಬಾಕಿ ಇದೆ. ಹೊರಗಿನ ಬೆಲೆಯನ್ನು ಕರಾರಿಗೆ ತಿಳಿಸುವ ವ್ಯವಸ್ಥೆ ಅದು. ದಯವಿಟ್ಟು 'ದೈವವಾಣಿ' ಅನ್ನಬೇಡಿ.