ಗೋವಾದಲ್ಲಿ ಹಾಯಿದೋಣಿಯಲ್ಲೇ ವಾಸ: ಲಂಗರು ಎಲ್ಲಿ ಹಾಕೋದು?

ಧಾರವಾಡದ ಹುಡುಗ: ನಮಸ್ಕಾರ ಎಲ್ಲರಿಗೂ. ಪರ್ವರಿಯಲ್ಲಿ ಬಾಡಿಗೆ ಮನೆಯಲ್ಲಿದ್ದೀನಿ, ಕೆಲಸವೆಲ್ಲ ಲ್ಯಾಪ್‌ಟಾಪಿನಲ್ಲೇ. 28 ಅಡಿಯ ಹಳೇ ಫೈಬರ್ ಹಾಯಿದೋಣಿ ಒಂದು ಮಾರಾಟಕ್ಕಿದೆ. ಕೊಂಡು ಅದರಲ್ಲೇ ಇದ್ದುಬಿಡೋಣ ಅಂತ ಆಸೆ. ಕಡಲು ಸುತ್ತೋದು ಬೇಡ, ಅಲೆ ಇಲ್ಲದ ಕಡೆ ನೆಮ್ಮದಿಯಾಗಿ ನಿಂತಿದ್ದರೆ ಸಾಕು. ಮಾಂಡೋವಿ ನದಿಯಲ್ಲಿ ಆಗುತ್ತಾ?

ಅಳಿವೆಯವ: ಆಗುತ್ತೆ. ನಾನು ಹೊನ್ನಾವರದವ, ಈಗ ಮಾಂಡೋವಿಯಲ್ಲಿ ದೋಣಿ ಮೇಲೇ ಇರೋದು. ಮೊದಲು ಪಣಜಿಯ ಕ್ಯಾಪ್ಟನ್ ಆಫ್ ಪೋರ್ಟ್ಸ್ ಇಲಾಖೆಗೆ ಹೋಗಿ ನೋಂದಣಿ, ಲಂಗರಿನ ಜಾಗ ಎರಡನ್ನೂ ಕೇಳಿ. ಆಮೇಲೆ ತಳ ನೋಡಿ. ಇಲ್ಲಿ ಬಹಳ ಕಡೆ ಕೆಸರು, ಲಂಗರು ಹೂತುಕೊಂಡರೆ ಚೆನ್ನಾಗಿ ಹಿಡಿಯುತ್ತೆ.

ಸರಪಳಿ ವಿಷಯದಲ್ಲಿ ಜಿಪುಣತನ ಬೇಡವೇ ಬೇಡ. ಇಳಿತದಲ್ಲಿ 3 ಮೀಟರ್ ನೀರು, ಅಮಾವಾಸ್ಯೆ-ಹುಣ್ಣಿಮೆಗೆ ಭರತ ಸುಮಾರು 2, ದೋಣಿಯ ಮೂತಿ ನೀರಿಂದ 1, ಒಟ್ಟು 6. ಅದರ ಐದು ಪಟ್ಟು ಅಂದರೆ 30 ಮೀಟರ್ ಬಿಡಬೇಕು, ಗಾಳಿ ಜೋರಾದರೆ ಏಳು ಪಟ್ಟು. ಹೆಚ್ಚುಕಡಿಮೆ ಆರು ತಾಸಿಗೊಮ್ಮೆ ಸೆಳೆತ ತಿರುಗುತ್ತೆ: ಇಳಿತದಲ್ಲಿ ಮೂತಿ ನದಿಯ ಮೇಲಿನ ರಿಬಂದರದ ಕಡೆ, ಭರತದಲ್ಲಿ ಕಡಲ ಬಾಯಿಯ ಆಗ್ವಾದದ ಕಡೆ. ಅಷ್ಟೂ ಸುತ್ತು ಖಾಲಿ ಇರಬೇಕು. ಸಂಜೆ ಕಡಲಗಾಳಿ ಇಳಿತಕ್ಕೆ ಎದುರು ಬೀಸಿದಾಗ ದೋಣಿ ಅಡ್ಡಡ್ಡ ನಿಲ್ಲುತ್ತೆ. ಆಗ ಸರಪಳಿ ಮೇಲೆ ಅಂಗೈ ಇಟ್ಟು ನೋಡಿ. ಲಂಗರು ಜಾರುತ್ತಿದ್ದರೆ ಗರಗರ ಅಂತ ಅದುರು ಕೈಗೇ ಸಿಗುತ್ತೆ. ಹಿಡಿದಿದ್ದರೆ ಸರಪಳಿ ಬಿಗಿಯಾಗಿ ಸುಮ್ಮನಿರುತ್ತೆ. ದೋಣಿ ಜಾಗ ಬಿಟ್ಟರೆ ಕೂಗುವ ಮೊಬೈಲಿನ ಲಂಗರು ಅಲಾರಂ ಇಟ್ಟುಕೊಳ್ಳಿ, ಆದರೂ ನನಗೆ ಕೈ ಮೇಲೇ ಹೆಚ್ಚು ನಂಬಿಕೆ.

ಪಣಜಿ ಎದುರು ನದಿಯಲ್ಲೇ ನಿಂತ ಕ್ಯಾಸಿನೋ ಹಡಗುಗಳಿಗೆ ಜನ ಸಾಗಿಸುವ ದೋಣಿಗಳಿಂದ ರಾತ್ರಿಯೆಲ್ಲ ಕುಲುಕಾಟ. ಸೇತುವೆ ದಾಟಿ ಮೇಲೆ ಹೋಗೋದಾದರೆ ಹಾಯಿಕಂಬದ ಎತ್ತರ ಅಳೆಯಿರಿ, ಭರತದ ಲೆಕ್ಕ ಸೇರಿಸಿ. ಗೂಟ ನೆಟ್ಟು ಬಲೆ ಕಟ್ಟುವ ಕಡೆ ಲಂಗರು ಹಾಕಲೇಬೇಡಿ, ಅದು ಮೀನುಗಾರರ ಅನ್ನ. ರಾತ್ರಿ ಎಲ್ಲ ದಿಕ್ಕಿಗೂ ಕಾಣುವ ಬಿಳಿ ದೀಪ ಉರಿಯುತ್ತಿರಲಿ, ಬಾರ್ಜ್‌ಗಳು ಓಡಾಡುತ್ತವೆ.

ಕೊಲಾಬಾ ಕನ್ನಡಿಗ: ಪುಣ್ಯವಂತರು ನೀವು. ಮುಂಬೈಯಲ್ಲಿ ದೊಡ್ಡ ಭರತ 4 ಮೀಟರ್ ದಾಟುತ್ತೆ. ಅದೇ ಲೆಕ್ಕಕ್ಕೆ ಇಲ್ಲಿ 40 ಮೀಟರ್ ಸರಪಳಿ ಬೇಕು.

ಧಾರವಾಡದ ಹುಡುಗ: ತುಂಬಾ ಉಪಕಾರ ಸರ್. ಮಳೆಗಾಲದಲ್ಲೂ ಅಲ್ಲೇ ಇರಬಹುದಾ?

ಅಳಿವೆಯವ: ಮೊದಲ ಮಳೆಗಾಲ ದಡದಲ್ಲೇ ಕಳೆಯಿರಿ, ಇದು ನನ್ನ ಗಟ್ಟಿ ಅಭಿಪ್ರಾಯ. ಜೂನ್‌ನಿಂದ ಆಗ್ವಾದ ಅಳಿವೆಯ ಮರಳುದಿಬ್ಬದ ಮೇಲೆ ಅಲೆ ಒಡೆಯುತ್ತೆ, ಹೊರಗೆ ಹೋಗೋ ಮಾತೇ ಇಲ್ಲ. 2000ದ ಜೂನ್‌ನಲ್ಲಿ ರಿವರ್ ಪ್ರಿನ್ಸೆಸ್ ಅನ್ನೋ ಅದಿರಿನ ಹಡಗೇ ಕಾಂದೋಳಿ ತೀರಕ್ಕೆ ಬಂದು ಹೂತುಹೋಯಿತು, ವರ್ಷಗಟ್ಟಲೆ ಅಲ್ಲೇ ಇತ್ತು. ನದಿಯೊಳಗೆ ಅಲೆ ಇಲ್ಲ ನಿಜ, ಆದರೆ ನೆರೆಯಲ್ಲಿ ಮರದ ದಿಮ್ಮಿ, ಜೊಂಡು ಬಂದು ಸರಪಳಿಗೆ ಸಿಕ್ಕಿಕೊಳ್ಳುತ್ತೆ. ಮೋಡಕ್ಕೆ ಸೋಲಾರ್ ಸೊರಗುತ್ತೆ, ಹಾಸಿಗೆಗೆ ಬೂಷ್ಟು. ಅಕ್ಟೋಬರ್‌ನಿಂದ ಮೇ ಮಾತ್ರ ಸ್ವರ್ಗ.

ದುಡ್ಡು ಕೊಡೋ ಮುಂಚೆ ದೋಣಿಯನ್ನು ನೀರಿಂದ ಎತ್ತಿಸಿ. ತಳದ ಫೈಬರಿನಲ್ಲಿ ನೀರುಗುಳ್ಳೆ ಇದೆಯಾ, ಕೀಲ್ ಬೋಲ್ಟ್, ಅಂದರೆ ತಳದ ಭಾರದ ಕೀಲನ್ನು ದೋಣಿಗೆ ಹಿಡಿದಿಡುವ ಬೋಲ್ಟ್, ತುಕ್ಕು ಹಿಡಿದಿದೆಯಾ ನೋಡಬೇಕು. ಎತ್ತಿಸೋ ದಿನ ಹೇಳಿ, ನಾನೂ ಬರ್ತೀನಿ.