‘ಯಾಕೆ’ ಅನ್ನುವ ಒಂದೇ ಪದ, ‘ಮ್ಯಾಟ್ರಿಕ್ಸ್ ರೀಲೋಡೆಡ್’ ಸಿನಿಮಾದ ಮೂರು ಮಾತು

ಗೆಳೆಯರೇ,

ತೀರಾ ಸಣ್ಣ ಪದವೊಂದರ ಬಗ್ಗೆ ನಿಮ್ಮನ್ನು ಕೇಳಬೇಕಿದೆ. ಪದ ‘ಯಾಕೆ’.

ಹೋದ ಭಾನುವಾರ ಅಕ್ಕನ ಮಗಳ ಜೊತೆ ಕೂತು ‘ದಿ ಮ್ಯಾಟ್ರಿಕ್ಸ್ ರೀಲೋಡೆಡ್’ ನೋಡಿದೆ. 1999ರ ‘ಮ್ಯಾಟ್ರಿಕ್ಸ್’ನ ಎರಡನೇ ಭಾಗ, 2003ರಲ್ಲಿ ಬಂದದ್ದು. ಅವಳು ಕನ್ನಡ ಮಾಧ್ಯಮದಲ್ಲಿ ಹತ್ತನೇ ಕ್ಲಾಸು. ಇಂಗ್ಲಿಷ್ ಮಾತು ಓಡತೊಡಗಿದಾಗೆಲ್ಲ ನಿಲ್ಲಿಸಿ ಕನ್ನಡದಲ್ಲಿ ಹೇಳುತ್ತಿದ್ದೆ. ಮನುಷ್ಯರೆಲ್ಲ ಯಂತ್ರಗಳ ವಶದಲ್ಲಿ ಮಲಗಿದ್ದಾರೆ, ಅವರು ಬದುಕುತ್ತಿರುವ ಲೋಕ ಕಂಪ್ಯೂಟರ್ ಕಟ್ಟಿದ್ದು ಅನ್ನುವುದು ಅವಳಿಗೆ ಬೇಗ ಹಿಡಿಯಿತು. ‘ವರ್ಚುವಲ್’ ಅಂದರೇನು ಅಂದಳು. ವಿಜ್ಞಾನದ ಪಾಠದ ‘ಮಿಥ್ಯ ಪ್ರತಿಬಿಂಬ’ ನೆನಪಿಸಿದೆ, ಸಾಕಾಯಿತು.

ನಾನು ಸಿಕ್ಕಿಬಿದ್ದದ್ದು ರೆಸ್ಟೋರೆಂಟಿನ ದೃಶ್ಯದಲ್ಲಿ. ಯಂತ್ರಗಳ ವಿರುದ್ಧ ಹೋರಾಡುವ ನಿಯೋ, ಮಾರ್ಫಿಯಸ್, ಟ್ರಿನಿಟಿ ಮೂವರೂ ಮೆರೊವಿಂಜಿಯನ್ ಎಂಬಾತನ ಎದುರು ಕೂತಿದ್ದಾರೆ. ನೀವು ಇಲ್ಲಿಗೆ ಯಾಕೆ ಬಂದಿರಿ ಗೊತ್ತೇ ಅಂತ ಅವನು ಕೇಳುತ್ತಾನೆ. ಬೀಗದ ಕೈ ಮಾಡುವವನನ್ನು ಹುಡುಕಿಕೊಂಡು ಬಂದೆವು ಅಂತ ಇವರು ಹೇಳುತ್ತಾರೆ. ಅದು ‘ಯಾಕೆ’ಗೆ ಉತ್ತರವಲ್ಲ, ನಿಮ್ಮನ್ನು ಯಾರೋ ಕಳಿಸಿದರು, ನೀವು ಬಂದಿರಿ, ಅಷ್ಟೇ ಅನ್ನುತ್ತಾನೆ ಅವನು. ಅಕ್ಕನ ಮಗಳು ತಕ್ಷಣ ತಕರಾರು ತೆಗೆದಳು. “ಯಾಕೆ ಬಂದ್ರಿ ಅಂದ, ಇವರು ಸರಿಯಾಗೇ ಹೇಳಿದ್ರಲ್ವಾ?”

ಅವಳು ಹೇಳಿದ್ದು ಸರಿ. ನಮ್ಮ ‘ಯಾಕೆ’ಗೆ ಎರಡು ಕಡೆ ಮುಖ. ಅಂಗಡಿಯಲ್ಲಿ ಮಗುವನ್ನು ಯಾಕೆ ಬಂದೆ ಅಂತ ಕೇಳಿ. ‘ಹಾಲಿಗೆ’ ಅಂದರೂ ಸರಿ, ‘ಅಮ್ಮ ಕಳಿಸಿದ್ದಕ್ಕೆ’ ಅಂದರೂ ಸರಿ. ಮೊದಲನೆಯದು ಮುಂದೆ ನೋಡುತ್ತದೆ, ಎರಡನೆಯದು ಹಿಂದೆ. ಆದರೆ ಎರಡರ ಬಾಲದಲ್ಲೂ ಅದೇ ಚತುರ್ಥಿ ವಿಭಕ್ತಿ, ಅಂದರೆ ‘ಗೆ’, ‘ಕ್ಕೆ’. ‘ಮಳೆ ಬಂದಿದ್ದಕ್ಕೆ ತಡವಾಯ್ತು’ ಅನ್ನುವಾಗಲೂ ಅದೇ ‘ಕ್ಕೆ’. ಬೆಂಗಳೂರಿನ ಕಡೆ ‘ಏನಕ್ಕೆ’ ಅನ್ನುತ್ತೇವೆ, ಕರಾವಳಿಯಲ್ಲಿ ‘ಎಂತಕ್ಕೆ’, ಇನ್ನು ಕೆಲವರ ಬಾಯಲ್ಲಿ ‘ಯಾತಕ್ಕೆ’. ಎಲ್ಲಿ ಹೋದರೂ ‘ಕ್ಕೆ’ ಬಿಡುವುದಿಲ್ಲ!

ಹಿಂದಿನದನ್ನಷ್ಟೇ ಕೇಳಲು ‘ಯಾತರಿಂದ’ ಇದೆಯಲ್ಲ ಅನ್ನಬಹುದು. ‘ಯಾತರಿಂದ ಬಂದೆ’ ಅಂತ ಕೇಳಿ ನೋಡಿ, ‘ಬಸ್ಸಲ್ಲಿ’ ಅನ್ನುವ ಉತ್ತರ ಬಂದೀತು. ‘ಕಾರಣ’ ಇದೆ, ಸರಿ. ಆದರೆ ‘ಈ ಕಾರಣದಿಂದ’ ಅಂತಲೂ ಹೇಳುತ್ತೇವೆ, ‘ಈ ಕಾರಣಕ್ಕೆ’ ಅಂತಲೂ ಹೇಳುತ್ತೇವೆ. ಅಲ್ಲೂ ಗೆರೆ ಅಳಿಸಿಹೋಗಿದೆ.

ಇಷ್ಟು ತಲೆ ಕೆಡಿಸಿಕೊಳ್ಳುವುದಕ್ಕೆ ಕಾರಣವಿದೆ. ಈ ಸಿನಿಮಾದಲ್ಲಿ ಹೊಡೆದಾಟ ಜಾಸ್ತಿ ಅಂತ ದೂರುವವರಿದ್ದಾರೆ. ನನಗೆ ಅದರ ಜೀವ ಮೂರು ಮಾತುಗಳಲ್ಲಿದೆ, ಮೂರೂ ‘ಯಾಕೆ’ಯ ಸುತ್ತಲೇ ತಿರುಗುತ್ತವೆ. ಮೆರೊವಿಂಜಿಯನ್ ಹಿಂದೆ ನೋಡುವವನು: ಎಲ್ಲಕ್ಕೂ ಕಾರಣವಿದೆ, ಆಯ್ಕೆ ಅನ್ನುವುದು ಬರೀ ಭ್ರಮೆ. ನಿಯೋನ ಶತ್ರು ಸ್ಮಿತ್ ಮುಂದೆ ನೋಡುವವನು. ತನ್ನದೇ ನಕಲುಗಳ ನಡುವೆ ನಿಂತು, ಉದ್ದೇಶವಿಲ್ಲದಿದ್ದರೆ ನಾವೇ ಇಲ್ಲ ಅನ್ನುತ್ತಾನೆ. ಮುಂದಾಗುವುದನ್ನು ಬಲ್ಲ ಒರಾಕಲ್ ಅಜ್ಜಿ ಬೆಂಚಿನ ಮೇಲೆ ಕೂತು ನಿಯೋಗೆ ಮಿಠಾಯಿ ಕೊಡುತ್ತಾಳೆ. ನಾನು ತಗೊಳ್ಳುತ್ತೇನೋ ಇಲ್ಲವೋ ನಿನಗೆ ಆಗಲೇ ಗೊತ್ತಲ್ವಾ ಅಂತ ಅವನು ಕೇಳುತ್ತಾನೆ. ಆಯ್ಕೆ ನೀನು ಆಗಲೇ ಮಾಡಿದ್ದೀಯ, ಯಾಕೆ ಮಾಡಿದೆ ಅಂತ ತಿಳಿಯಲು ಬಂದಿದ್ದೀಯ ಅನ್ನುತ್ತಾಳೆ ಅವಳು. ಅಜ್ಜಿಯ ಮಾತಿಗೆ ನಮ್ಮ ‘ಯಾಕೆ’ ಹೇಳಿ ಮಾಡಿಸಿದ ಹಾಗಿದೆ. ಹಿಂದೆ, ಮುಂದೆ ಎರಡೂ ಅದರೊಳಗಿವೆ. ಉಳಿದಿಬ್ಬರದು ನನಗೆ ಒಗ್ಗುತ್ತಿಲ್ಲ.

ಸ್ಮಿತ್‌ನ ಮಾತಿಗೆ ‘ಉದ್ದೇಶ’ ಹಾಕಿದರೆ ವರದಿ ಓದಿದ ಹಾಗಾಗುತ್ತದೆ. ‘ನಾವು ಏನಕ್ಕಾಗಿ ಹುಟ್ಟಿದೆವೋ ಅದು’ ಅಂದೆ. ಅವಳಿಗೆ ಅರ್ಥವಾಯಿತು. ‘ಆಗಿ’ ಸೇರಿದರೆ ಮಾತು ಮುಂದಕ್ಕೆ ತಿರುಗುತ್ತದೆ ಅಂತ ಖುಷಿಪಟ್ಟೆ. ‘ಮಳೆ ಬಂದಿದ್ದಕ್ಕಾಗಿ ತಡವಾಯ್ತು’ ಅಂತ ಯಾರೂ ಅನ್ನುವುದಿಲ್ಲ. ರಾತ್ರಿ ಮಲಗಿದ ಮೇಲೆ ‘ಗೆದ್ದಿದ್ದಕ್ಕಾಗಿ ಬಹುಮಾನ’ ನೆನಪಾಯಿತು. ಅದು ಹಿಂದೆ ನೋಡುತ್ತದಲ್ಲ! ಈ ‘ಆಗಿ’ ಎಲ್ಲಿ ಮುಂದೆ ನೋಡುತ್ತದೆ, ಎಲ್ಲಿ ಹಿಂದೆ? ವ್ಯಾಕರಣ ಬಲ್ಲವರು ದಯವಿಟ್ಟು ಹೇಳಿ.

ಅದೇ ವರ್ಷ ಬಂದ ಮೂರನೇ ಭಾಗ ‘ರೆವಲ್ಯೂಷನ್ಸ್’ನ ಒಂದು ದೃಶ್ಯವನ್ನೂ ತೋರಿಸಿದೆ. ರೈಲು ನಿಲ್ದಾಣದಲ್ಲಿ ಭಾರತದವರ ಹಾಗೆ ಕಾಣುವ ಅಪ್ಪ, ಅಮ್ಮ, ಪುಟ್ಟ ಹುಡುಗಿ ಸತಿ. ಮೂವರೂ ಮನುಷ್ಯರಲ್ಲ, ಕಂಪ್ಯೂಟರ್ ಪ್ರೋಗ್ರಾಮುಗಳು. ಸತಿಗೆ ಯಾವ ಕೆಲಸವೂ ಇಲ್ಲ, ಕೆಲಸವಿಲ್ಲದ ಪ್ರೋಗ್ರಾಮನ್ನು ಅಳಿಸಿಹಾಕುತ್ತಾರೆ. ಮಗಳು ಉಳಿಯಲಿ ಅಂತ ಅಪ್ಪ ಅಮ್ಮ ಅವಳನ್ನು ಸಾಗಿಸುತ್ತಿದ್ದಾರೆ. ಅಪ್ಪ ರಾಮ-ಕಂಡ್ರ ಅಲ್ಲಿ ‘ಕರ್ಮ’ ಅನ್ನುವ ಪದ ಬಳಸುತ್ತಾನೆ. ತಾನು ಇಲ್ಲಿ ಮಾಡಬೇಕಾದದ್ದು ಅನ್ನುವ ಅರ್ಥದಲ್ಲಿ, ಅದರ ಬಗ್ಗೆ ಕೃತಜ್ಞತೆಯಿಂದ. ಅದನ್ನು ‘ನನ್ನ ಕರ್ಮ’ ಅಂತ ಕನ್ನಡಕ್ಕೆ ತಂದರೆ ಮಾತು ತಲೆಕೆಳಗಾಗುತ್ತದೆ. ನಮ್ಮ ಮನೆಯಲ್ಲಿ ‘ನನ್ನ ಕರ್ಮ’ ಅಂದರೆ ಹಣೆ ಚಚ್ಚಿಕೊಳ್ಳುವ ಮಾತು. ‘ನನ್ನ ಪಾಲಿನ ಕೆಲಸ’ ಅಂದೆ.

ಮತ್ತೆ ಸತಿ ಯಾಕೆ ಹುಟ್ಟಿದಳು ಅಂತ ಅಕ್ಕನ ಮಗಳು ಕೇಳಿದಳು. ನಾನು ಯೋಚಿಸುವಷ್ಟರಲ್ಲಿ ಅವಳೇ, “ಸುಮ್ನೆ” ಅಂದಳು. ಅಪ್ಪ ಅಮ್ಮನಿಗೆ ಬೇಕು ಅನ್ನಿಸಿತು, ಹುಟ್ಟಿದಳು, ಅಷ್ಟೇ.

ಈ ‘ಸುಮ್ನೆ’ಗೆ ‘ವ್ಯರ್ಥ’ ಅನ್ನುವ ಅರ್ಥವೂ ಇದೆ, ‘ಮೌನವಾಗಿ’ ಅನ್ನುವ ಅರ್ಥವೂ ಇದೆ. ಅವಳು ಹೇಳಿದ್ದು ಮೂರನೆಯದು: ‘ಯಾಕೆ’ಯನ್ನೇ ಕೇಳದ, ಪ್ರೀತಿಯ ‘ಸುಮ್ನೆ’. ಇದೇ ಅರ್ಥಕ್ಕೆ ನಿಮ್ಮ ಊರಿನ ಮಾತಿನಲ್ಲಿ ಬೇರೆ ಪದವಿದೆಯೇ? ಮೆರೊವಿಂಜಿಯನ್‌ನ ಪ್ರಶ್ನೆಯನ್ನು ನೀವಾದರೆ ಕನ್ನಡದಲ್ಲಿ ಹೇಗೆ ಕೇಳುತ್ತೀರಿ? ಅವಳ ತಕರಾರಿಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ.