ಸಹಾಯ ಬೇಕು: ಅಪ್ಪಯ್ಯನ ಮಾತ್ರೆ, ತಮ್ಮನ ಅಮೈನೋ ಪುಡಿ

ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. 71 ವರ್ಷದ ಅಪ್ಪಯ್ಯನಿಗೆ ಪಾರ್ಕಿನ್ಸನ್ ಕಾಯಿಲೆ. ದಿನಕ್ಕೆ ಮೂರು ಹೊತ್ತು ಲೆವೊಡೋಪಾ ಮಾತ್ರೆ; ಅದು ಮಿದುಳು ಸೇರಿದರೇ ಕೈಕಾಲು ಸರಾಗವಾಗಿ ಆಡುವುದು. ಜಿಮ್‌ಗೆ ಹೋಗುವ ತಮ್ಮ ಶಿವಮೊಗ್ಗದಿಂದ ಅಮೈನೋ ಆಮ್ಲದ ಪುಡಿ ತಂದು, ಸೊರಗಿದ್ದಾರೆಂದು ಮಾತ್ರೆಯ ಜೊತೆಗೇ ನೀರಿನಲ್ಲಿ ಕದಡಿ ಕುಡಿಸುತ್ತಿದ್ದ. ಪ್ರೀತಿಯೇ, ಇಲ್ಲವೆನ್ನುವುದಿಲ್ಲ. ಆದರೆ ನಾಲ್ಕು ದಿನದಿಂದ ಅಂಗಳದ ಚಪ್ಪರದ ಕಂಬ ಹಿಡಿದು ನಿಂತವರಿಗೆ ಹೆಜ್ಜೆಯೇ ಏಳುತ್ತಿಲ್ಲ.

ಡಬ್ಬಿಯಲ್ಲಿರುವುದು ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್. ಇವು ಕರುಳಿನಲ್ಲೂ ಮಿದುಳಿನ ಬಾಗಿಲಲ್ಲೂ ಲೆವೊಡೋಪಾಕ್ಕೆ ಅಡ್ಡ ನಿಲ್ಲುತ್ತವೆ ಎಂದು ಓದಿ ಪುಡಿ ನಿಲ್ಲಿಸಿದ್ದೇನೆ, ಮಾತ್ರೆ ನಿಲ್ಲಿಸಿಲ್ಲ. ಸೋಮವಾರ ವೈದ್ಯರ ಭೇಟಿಯಿದೆ, ಡಬ್ಬಿಯನ್ನೂ ಒಯ್ಯುತ್ತೇನೆ.

ಮನೆಯಲ್ಲಿ ಇದೇ ಮಾತ್ರೆ ನುಂಗುವ ಹಿರಿಯರಿದ್ದರೆ ದಯವಿಟ್ಟು ಹೇಳಿ: ಬೇಳೆ, ಮೊಸರಿನ ಪ್ರೋಟೀನಿನಲ್ಲೂ ಇವೇ ಅಮೈನೋ ಆಮ್ಲಗಳಿರುವುದರಿಂದ ಅಂಥ ಊಟಕ್ಕೂ ಮಾತ್ರೆಗೂ ಎಷ್ಟು ಅಂತರ ಇಡುವಂತೆ ನಿಮ್ಮ ವೈದ್ಯರು ಹೇಳಿದ್ದಾರೆ? ಶಿವಮೊಗ್ಗದಲ್ಲಿ ಒಳ್ಳೆಯ ಆಹಾರ ತಜ್ಞರಿದ್ದರೂ ತಿಳಿಸಿ. ತಮ್ಮನಿಗೆ ಸದ್ಯ ಡಬ್ಬಿಯ ದುಡ್ಡಿನದೇ ಚಿಂತೆ.